ಪಾರ್ಟ್ಸ್ ಬಂದಿಲ್ಲ

ಬೀಳುತ್ತದೆ, ಇನ್ನೊಂದು ಗುಂಡಿ ಸಿಕ್ಕಿದರೆ ಆ ಕನಕಾಂಬರ ಬಿದ್ದೇ ಬೀಳುತ್ತದೆ, ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿ ದಂಡೆಯ ದಾರ ಸಡಿಲಾಗಿ ಕೊನೆಯ ಹೂವೊಂದು ತೊಟ್ಟಿನಲ್ಲಿ ಜೋತಾಡುತ್ತಿದೆ, ಕುರುಬೂರು ಬರುವುದರೊಳಗೆ ಅದು ಬಿದ್ದರೆ ಅಲ್ಲೇ ಇಳಿದುಬಿಡುವುದು, ಎದುರಿನಿಂದ ಬರುವ ಬಸ್ಸು ಹಿಡಿದು ಚಿಂತಾಮಣಿಗೆ ವಾಪಸು, ಅಂಗಡಿ ಬಾಗಿಲು ತೆಗೆದು ಕೂತುಬಿಡುವುದು, ನಾಳೆ ಕೈವಾರದ ಮುನಿವೆಂಕಟಪ್ಪ ಬಂದು ಯಾಕೆ ಬರಲಿಲ್ಲ ಎಂದು ಕೇಳಿದರೆ ಬಸ್ಸು ಕೆಟ್ಟುಹೋಯಿತು ಅನ್ನಬಹುದು — ಇಲ್ಲ, ಈ ಬಸ್ಸಿನಲ್ಲಿ ಅರ್ಧಕ್ಕರ್ಧ ಕೈವಾರದವರೇ ಇದ್ದಾರೆ, ಕೆಡದ ಬಸ್ಸನ್ನು ಕೆಟ್ಟಿತು ಅಂದರೆ ಸಂಜೆಯೊಳಗೆ ಬಯಲಾಗುತ್ತದೆ, ಹೊಟ್ಟೆನೋವು ಅನ್ನಬಹುದು, ಹೊಟ್ಟೆನೋವಿಗೆ ಯಾರ ಸಾಕ್ಷಿಯೂ ಬೇಕಿಲ್ಲ, ಮೊಹಲ್ಲಾದಲ್ಲಿ ಯಾರೋ ತೀರಿಕೊಂಡರು ಅಂದರೆ ಇನ್ನೂ ಭದ್ರ, ಆದರೆ ಯಾರು, ಬದುಕಿರುವ ಯಾರನ್ನು ಸಾಯಿಸುವುದು, ತೋಬಾ ತೋಬಾ, ನಲವತ್ತಮೂರು ವರ್ಷದ ಗಂಡಸು ತೊಡೆಯ ಮೇಲೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಯಾರದೋ ಜಡೆಯ ಹೂವನ್ನೇ ನೋಡುತ್ತ ಸಾವಿನ ಲೆಕ್ಕ ಹಾಕುತ್ತಿದ್ದಾನೆ. ಪೆಟ್ಟಿಗೆಯೊಳಗೆ ಬೆಸುಗೆಯ ಕಡ್ಡಿ, ಮೀಟರು, ಸ್ಕ್ರೂಡ್ರೈವರುಗಳು ಒಂದಕ್ಕೊಂದು ತಗುಲಿ ಕಟಕಟ ಅನ್ನುತ್ತಿವೆ, ಗೌಸ್ ಪೀರ್ ಅಂಗೈ ಒತ್ತಿ ಹಿಡಿದರೂ ನಿಲ್ಲುವುದಿಲ್ಲ, ಪಕ್ಕದಲ್ಲಿ ಕೂತ ಮುದುಕ ತಿರುಗಿ ನೋಡಿದ, ಏನಪ್ಪಾ ಅದು ಸದ್ದು, ಏನಿಲ್ಲ ಅಜ್ಜ, ಸಾಮಾನು, ಟೀವಿ ರಿಪೇರಿ ಸಾಮಾನು — ಹಾಗೆ ಅಂದುಬಿಟ್ಟ ಮೇಲೆ ತನ್ನ ಬಾಯಿಂದ ಟೀವಿ ಅನ್ನುವ ಪದ ಎಷ್ಟು ಸಲೀಸಾಗಿ ಬಂತಲ್ಲ ಎಂದು ಅವನೇ ಬೆಚ್ಚಿದ, ಕುರುಬೂರು ಬಂತು, ಹೋಯಿತು, ಹೂವು ಬೀಳಲಿಲ್ಲ.

ರೇಡಿಯೋ ಅಂದಿದ್ದರೆ ಏನೂ ಆಗುತ್ತಿರಲಿಲ್ಲ, ರೇಡಿಯೋ ಅವನ ಕೈಗೆ ಮಗುವಿನ ಹಾಗೆ ಒಲಿದ ವಸ್ತು, ಪೀರ್ ರೇಡಿಯೋ ಸರ್ವಿಸ್ ಎಂಬ ಬೋರ್ಡು ಚಿಂತಾಮಣಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಹದಿನೆಂಟು ವರ್ಷದಿಂದ ನೇತಾಡುತ್ತಿದೆ, ಕ್ರಿಕೆಟ್ ಕಾಮೆಂಟರಿ ದಿನ ಆ ಬೋರ್ಡಿನ ಕೆಳಗೆ ಸೈಕಲ್ ನಿಲ್ಲಿಸಲು ಜಾಗ ಇರುತ್ತಿರಲಿಲ್ಲ, ಕಿವಿಯಿಟ್ಟು ಕೇಳಿದರೆ ಸಾಕು, ಎಲ್ಲಿ ಕೆಟ್ಟಿದೆ ಎಂದು ಬಾಯಲ್ಲಿ ಹೇಳುತ್ತಿದ್ದ, ಆಮೇಲೆ ಊರಿನ ಮಹಡಿಗಳ ಮೇಲೆ ಒಂದೊಂದಾಗಿ ಏಣಿಯಂಥ ಟೀವಿ ಕಂಬಿಗಳು ಎದ್ದವು, ಎಂಬತ್ತೈದರಲ್ಲಿ ಎಣಿಸಿದರೆ ಹನ್ನೊಂದು, ಮಾರನೇ ವರ್ಷ ಎಣಿಸುವುದನ್ನೇ ಬಿಟ್ಟ, ಈ ಎರಡು ವರ್ಷದಿಂದ ಜನ ಅಂಗಡಿ ಮುಂದೆ ರಿಕ್ಷಾದಿಂದ ಟೀವಿ ಇಳಿಸುತ್ತಿದ್ದರು, ಸಾಬ್ರೇ ಸ್ವಲ್ಪ ನೋಡಿ, ಅವನು ನೋಡುತ್ತಿದ್ದ, ದೂರದಿಂದ, ಕತ್ತು ಓರೆ ಮಾಡಿ, ಡಾಕ್ಟರರ ಹಾಗೆ, ಆಮೇಲೆ, ಪಾರ್ಟ್ಸ್ ಬಂದಿಲ್ಲಣ್ಣ. ಎಷ್ಟು ಒಳ್ಳೆಯ ಮಾತು, ಸುಳ್ಳು ಅಂತ ಯಾರೂ ಹಿಡಿಯಲಾಗದ ಮಾತು, ಬೆಂಗಳೂರಿಂದ ಪಾರ್ಟ್ಸ್ ಬಂದಿಲ್ಲ, ಕರೆಂಟಿನ ಓಲ್ಟೇಜ್ ಸರಿಯಿಲ್ಲ, ಸುಟ್ಟುಹೋದರೆ ನಿಮಗೇ ನಷ್ಟ, ರಂಜಾನ್ ಕಳೀಲಿ, ಯುಗಾದಿ ಕಳೀಲಿ, ಕನ್ನಡಕದ ನಂಬರ್ ಹೆಚ್ಚಿದೆ, ಹೊಸ ಕನ್ನಡಕ ಬರಲಿ, ಅಂಗಡಿಯ ಬಾಗಿಲು ದಕ್ಷಿಣಕ್ಕಿದೆ, ಬಿಸಿಲು ನೇರ ಒಳಗೆ ಬೀಳುತ್ತೆ, ಟೀವಿಗೆ ಬಿಸಿಲು ಆಗಲ್ಲ. ಬಾಗಿಲು ದಕ್ಷಿಣಕ್ಕೇ ಇತ್ತು, ಅದು ನಿಜ, ಆದರೆ ಹದಿನೆಂಟು ವರ್ಷದಿಂದ ಅಲ್ಲೇ ಇತ್ತು. ಅವರೆಲ್ಲ ಮತ್ತೆ ಟೀವಿಯನ್ನು ರಿಕ್ಷಾಕ್ಕೆ ಏರಿಸಿ ಎದುರು ಸಾಲಿನ ರಾಮಾಂಜಿನಪ್ಪನ ಹತ್ತಿರ ಹೋಗುತ್ತಿದ್ದರು, ಗೌರಿಬಿದನೂರಿಂದ ಬಂದ ಆಸಾಮಿ, ಮೊನ್ನೆಮೊನ್ನೆಯವರೆಗೆ ಸೈಕಲ್ಲಿಗೆ ಡೈನಮೋ ಕೂರಿಸುತ್ತಿದ್ದವನು, ಅರ್ಧ ಗೊತ್ತು ಅರ್ಧ ಗೊತ್ತಿಲ್ಲ, ಆದರೂ ಹಿಂದುಗಡೆಯ ಮುಚ್ಚಳ ಬಿಚ್ಚಿ ಕೈ ಹಾಕಿಯೇಬಿಡುತ್ತಾನೆ, ಒಂದು ಸಲ ಹೊಗೆ ಬರಿಸಿದ್ದನ್ನು ಗೌಸ್ ಪೀರ್ ಕಣ್ಣಾರೆ ಕಂಡಿದ್ದಾನೆ, ಸಂತೋಷಪಟ್ಟಿದ್ದಾನೆ, ಆಮೇಲೆ ಆ ರಾಮಾಂಜಿನಪ್ಪ ನಗುತ್ತ ಟೀವಿಯ ಯಜಮಾನನಿಗೆ ನನ್ನ ತಪ್ಪಾಯ್ತಪ್ಪ, ಸೋಮವಾರ ಬಾ, ಸರಿ ಮಾಡ್ಕೊಡ್ತೀನಿ ಅಂದ, ಆ ಯಜಮಾನನೂ ಆಯ್ತು ಅಂತ ಹೋದ, ಇಷ್ಟೇನಾ, ಇಷ್ಟು ಸುಲಭವಾ, ಆ ದಿನ ಗೌಸ್ ಪೀರ್‌ಗೆ ಊಟ ಸೇರಲಿಲ್ಲ.

ಏಕೆಂದರೆ ಅವನದು ಹಾಗೆ ಆಗಲಿಲ್ಲ, ಅವನು ಹಾಗೆ ಮಾಡಲಿಲ್ಲ, ಎಂಬತ್ತೇಳರ ಬೇಸಿಗೆ, ಇದೇ ದಾರಿ, ಇದೇ ಪೆಟ್ಟಿಗೆ, ಕೈವಾರದ ಮುನಿವೆಂಕಟಪ್ಪನ ಮನೆ, ದ್ರಾಕ್ಷಿ ತೋಟದ ಗೌಡರು, ಮೊದಲ ಸಲ ಟೀವಿ ತಂದಿದ್ದರು, ತಾಯಿ ಕೊಂಡಮ್ಮನಿಗಾಗಿ, ಮುದುಕಿಗೆ ಕಿವಿ ಬಹಳ ಮಂದ, ರೇಡಿಯೋ ಇದ್ದೂ ಪ್ರಯೋಜನವಿರಲಿಲ್ಲ, ಟೀವಿ ಆದರೆ ಕಣ್ಣಿಗಾದರೂ ಕಾಣುತ್ತದಲ್ಲ ಎಂದು. ಆ ಟೀವಿಯಲ್ಲಿ ಚಿತ್ರ ಸ್ವಲ್ಪ ಮಂಕಾಗಿತ್ತು, ಅಷ್ಟೇ, ಚಿತ್ರ ಮಂಕು, ಬೇರೇನೂ ಇರಲಿಲ್ಲ, ರೇಡಿಯೋ ಬಲ್ಲವನಿಗೆ ಟೀವಿ ಯಾವ ಮಹಾ ಎಂದು ಅವನು ಮುಚ್ಚಳ ಬಿಚ್ಚಿದ, ದೊಡ್ಡ ಗಾಜಿನ ಟ್ಯೂಬು, ಮುಂದೆ ಅಗಲ, ಹಿಂದೆ ಹೋಗುತ್ತ ಹೋಗುತ್ತ ಬೆರಳುಗಾತ್ರದ ಕತ್ತು, ಕತ್ತಿನ ತುದಿಗೆ ಕಪ್ಪು ಟೋಪಿ ಹಾಕಿದ ಹಾಗೆ ಒಂದು ಸಾಕೆಟ್ಟು, ಅದನ್ನು ಎಳೆಯಬೇಕಿತ್ತು, ನೇರಕ್ಕೆ ಎಳೆಯಬೇಕಿತ್ತು, ಅವನು ಸ್ಕ್ರೂಡ್ರೈವರ್ ಇಟ್ಟು ಮೀಟಿದ, ಚಿಟ್ ಅಂತು, ಬಳೆ ಒಡೆದ ಹಾಗೆ, ಆಮೇಲೆ ಒಂದು ಉಸಿರು, ಹೊರಗಿನ ಗಾಳಿ ಆ ಗಾಜಿನೊಳಕ್ಕೆ ಹೋಗುವ ಉಸಿರು, ಸ್‌ಸ್‌ಸ್, ಎರಡು ಕ್ಷಣ, ನಿಂತಿತು, ಗಾಳಿ ಹೊಕ್ಕ ಟ್ಯೂಬಿನಲ್ಲಿ ಇನ್ನು ಚಿತ್ರ ಮೂಡುವುದಿಲ್ಲ. ಮನೆಯೊಳಗೆ ಯಾರೂ ಇರಲಿಲ್ಲ, ಮುನಿವೆಂಕಟಪ್ಪ ಅವನಿಗಾಗಿಯೇ ಎಳನೀರು ಕೆಡವಿಸಲು ಹಿತ್ತಿಲಿಗೆ ಹೋಗಿದ್ದರು, ಕೊಂಡಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು, ಅವಳಿಗೆ ಕೇಳುವಂತಿರಲಿಲ್ಲ, ಅವನು ಸಾಕೆಟ್ಟನ್ನು ಒಡೆದ ಕತ್ತಿನ ಮೇಲೇ ಮತ್ತೆ ಒತ್ತಿ ಕೂರಿಸಿದ, ಮುಚ್ಚಳ ಹಾಕಿದ, ಎಂಟೂ ತಿರುಪು ಬಿಗಿದ, ಅಷ್ಟು ಅಚ್ಚುಕಟ್ಟಾಗಿ ಯಾವ ರೇಡಿಯೋದ ತಿರುಪನ್ನೂ ಬಿಗಿದಿರಲಿಲ್ಲ, ಮುನಿವೆಂಕಟಪ್ಪ ಎಳನೀರು ಹಿಡಿದು ಬಂದರು, ಏನ್ ಸಾಬ್ರೇ, ಏನಾಗಿದೆ, ಟ್ಯೂಬ್ ಹೋಗಿದೆ ಅಣ್ಣ, ಕಂಪನಿಯಿಂದ ಬರ್ತಾನೇ ವೀಕು, ನಾನು ಮುಟ್ಟೋಕೆ ಮುಂಚೇನೇ ಹೋಗಿತ್ತು. ಆ ಕೊನೆಯ ಮಾತು ಬೇಕಿರಲಿಲ್ಲ. ಯಾರೂ ಕೇಳಿರಲಿಲ್ಲ. ಮುನಿವೆಂಕಟಪ್ಪ ಅವನ ಬೆನ್ನು ತಟ್ಟಿದರು, ಬೇರೆ ಯಾವನಾದ್ರೂ ಆಗಿದ್ರೆ ಅದು ಹಾಕ್ತೀನಿ ಇದು ಹಾಕ್ತೀನಿ ಅಂತ ಆರು ತಿಂಗಳು ಓಡಾಡಿಸ್ತಿದ್ದ, ನೀವು ಇದ್ದಿದ್ದು ಇದ್ದಂಗೆ ಹೇಳಿದ್ರಿ, ಎಂದು ಒಂದು ಬುಟ್ಟಿ ಟೊಮೇಟೊ ಕೊಟ್ಟು ಬಸ್ಸಿನವರೆಗೆ ಬಂದು ಹತ್ತಿಸಿದರು, ಮನೆಯಲ್ಲಿ ಹೆಂಡತಿ ಹಮೀದಾ ಬೇಗಂ ವಾರವೆಲ್ಲ ಅದರದೇ ಖಟ್ಟಾ ಸಾರು ಮಾಡಿದಳು, ಎಷ್ಟು ಒಳ್ಳೆ ಟೊಮೇಟೊ ಜೀ, ಯಾರ ತೋಟದ್ದು.

ಅಷ್ಟಕ್ಕೇ ಮುಗಿದಿದ್ದರೆ ಮರೆಯಬಹುದಿತ್ತು, ಆದರೆ ಮುನಿವೆಂಕಟಪ್ಪ ಮಾತಿನ ಮನುಷ್ಯರು, ಮಂಡಿಯಲ್ಲಿ, ಸೊಸೈಟಿಯಲ್ಲಿ, ಮದುವೆ ಮನೆಗಳಲ್ಲಿ, ಚಿಂತಾಮಣಿಯಲ್ಲಿ ಒಬ್ಬ ಸಾಬ್ರು ಇದಾರೆ, ಮುಟ್ಟೋ ಮುಂಚೇನೇ ಹೇಳ್ಬಿಡ್ತಾರೆ, ಕಾಸು ಮುಟ್ಟಲ್ಲ, ಅಂಥ ನಿಯತ್ತು, ಹೋಗ್ರಪ್ಪ ಅವರ ಹತ್ರಾನೇ ಹೋಗಿ — ಜನ ಬಂದರು, ಪೆರೇಸಂದ್ರದಿಂದಲೂ ಬಂದರು, ಅಲೀಪುರದಿಂದ ಒಬ್ಬರು ಬಸ್ಸಿನ ಮೇಲೆ ಟೀವಿ ಕಟ್ಟಿಸಿಕೊಂಡು ಬಂದರು, ನಿಮ್ಮ ಹೆಸರು ಕೇಳಿ ಬಂದ್ವಿ ಭಾಯಿ, ಅವರಿಗೂ ಅದೇ, ಪಾರ್ಟ್ಸ್ ಬಂದಿಲ್ಲ, ಪಾರ್ಟ್ಸ್ ಬಂದಿಲ್ಲ. ಒಂದು ಮಧ್ಯಾಹ್ನ ಬುತ್ತಿ ತಂದ ಹಮೀದಾ ಬೇಗಂ ಬಾಗಿಲ ಪಕ್ಕ ನಿಂತು ಕೇಳಿಸಿಕೊಂಡಳು, ಗಿರಾಕಿ ಹೋದ ಮೇಲೆ ಮರದ ಖಾನೆ ಎಳೆದಳು, ಪಾರ್ಟ್ಸು ಪೂರಾ ಇತ್ತು, ಅವನೇ ಒಂದು ಹುರುಪಿನ ದಿನ ಬೆಂಗಳೂರಿಂದ ತಂದು ಪೊಟ್ಟಣ ಕೂಡ ಬಿಚ್ಚದೆ ಇಟ್ಟಿದ್ದು, ಯಾರಿಗೆ ಹೇಳ್ತಾ ಇದೀರಿ ಬಂದಿಲ್ಲ ಅಂತ, ಅವರಿಗಾ, ನಿಮಗಾ? ಹಮೀದಾ ಶಿಡ್ಲಘಟ್ಟದ ರೇಷ್ಮೆ ರೀಲರ್ ಮನೆಯ ಮಗಳು, ಹತ್ತು ವರ್ಷಕ್ಕೇ ಕುದಿಯುವ ನೀರಲ್ಲಿ ಬೆರಳು ಅದ್ದಿ ಗೂಡಿನ ನೂಲಿನ ತುದಿ ಹುಡುಕಿದವಳು, ಅವಳ ಬೆರಳ ತುದಿಗಳು ಇವತ್ತಿಗೂ ನಯವಿಲ್ಲ, ನೀರು ಸುಡ್ತದೆ ಅಂತ ನಮ್ಮಮ್ಮಿ ಒಂದಿನ ಕುಂತ್ಕೊಂಡಿದ್ರೆ ನಾವೇನು ತಿಂತಿದ್ವಿ ಜೀ, ಅಷ್ಟು ಹೇಳಿ ಬುತ್ತಿ ಬಿಚ್ಚಿ ಬಡಿಸಿದಳು. ಆಮೇಲೆ ಅವಳೇ ಯಾರಯಾರನ್ನೋ ವಿಚಾರಿಸಿ ಪತ್ತೆ ಮಾಡಿದ್ದು ಚಿಕ್ಕಬಳ್ಳಾಪುರದ ಚೆನ್ನರಾಯಪ್ಪನವರನ್ನು, ಬೆಂಗಳೂರಿನ ಯಾವುದೋ ಫ್ಯಾಕ್ಟರಿಯಲ್ಲಿ ರಿಟೈರಾಗಿ ಬಂದು ಮನೆಯ ಪಡಸಾಲೆಯಲ್ಲಿ ಹತ್ತು ಜನಕ್ಕೆ ಟೀವಿ ಕೆಲಸ ಕಲಿಸುತ್ತಿದ್ದವರು, ಎಂಟು ತಿಂಗಳು, ಪ್ರತಿ ಮಂಗಳವಾರ ಅಂಗಡಿಗೆ ಬೀಗ, ಕೇಳಿದವರಿಗೆ ಮಾವನ ಮನೆಗೆ ಹೋಗಿದ್ದೆ, ಕಲಿಯುವುದಕ್ಕೂ ಒಂದು ಸುಳ್ಳು. ಕಲಿತ, ಚೆನ್ನಾಗಿಯೇ ಕಲಿತ, ಆ ಹತ್ತು ಜನರಲ್ಲಿ ಎಲ್ಲರಿಗಿಂತ ಮೊದಲು ಟೀವಿಯ ಕಾಯಿಲೆ ಕಂಡುಹಿಡಿಯುತ್ತಿದ್ದವನು ಅವನೇ, ಆದರೆ ಟ್ಯೂಬಿನ ಕತ್ತಿನ ಹತ್ತಿರ ಬಂದಾಗ ಕೈ ಹಿಂದಕ್ಕೆ, ಚೆನ್ನರಾಯಪ್ಪ ಕನ್ನಡಕದ ಮೇಲಿಂದ ನೋಡಿ, ಎಷ್ಟು ಟ್ಯೂಬ್ ಒಡೆದಿದೀಯಪ್ಪ ಇಲ್ಲೀವರ್ಗೂ, ಅಂದರು, ನಾನು ಮೂರು ಒಡೆದಿದೀನಿ, ಎರಡು ನನ್ನ ತಪ್ಪು, ಒಂದು ಬೆಕ್ಕಿನ ತಪ್ಪು, ಎಲ್ಲರೂ ನಕ್ಕರು, ಅಲ್ಲಿ, ಆ ನಗುವಿನ ನಡುವೆ, ಒಂದು ಅಂತ ಹೇಳಬಹುದಿತ್ತು, ಎಷ್ಟು ಹಗುರವಾಗಿ ಹೇಳಬಹುದಿತ್ತು, ಅವನು ಒಂದೂ ಇಲ್ಲ ಸಾರ್ ಅಂದ.

ಕೈವಾರದ ಕ್ರಾಸು, ಬಸ್ಸು ಎಡಕ್ಕೆ ಹೊರಳಿತು, ಮಠಕ್ಕೆ ಹೋಗುವವರು ಚೀಲ ಸರಿಮಾಡಿಕೊಂಡರು, ಹೂವು ಎಲ್ಲಿ, ಬಿದ್ದುಹೋಗಿದೆ, ಯಾವಾಗ ಬಿತ್ತೋ ಅವನು ನೋಡಲೇ ಇಲ್ಲ, ಅವಳ ಬೆನ್ನ ಮೇಲೂ ಇಲ್ಲ, ಈಗ ಇಳಿದರೂ ಕೈವಾರದಲ್ಲೇ ಇಳಿಯಬೇಕು. ನಿನ್ನೆ ಇಷ್ಟು ಹೊತ್ತಿಗೆ ಮುನಿವೆಂಕಟಪ್ಪ ಅಂಗಡಿ ಮುಂದೆ ನಿಂತಿದ್ದರು, ಹೆಗಲ ಮೇಲೆ ವಸ್ತ್ರ, ಎರಡು ವರ್ಷದಲ್ಲಿ ಕೂದಲು ಪೂರ್ತಿ ಬಿಳಿ, ಹೊಸಾ ಟೀವಿ ತಗೊಂಡ್ವಿ ಸಾಬ್ರೇ, ಆರು ತಿಂಗಳಾಯ್ತು, ಮೊನ್ನೆಯಿಂದ ಬೊಂಬೆ ಇಲ್ಲ, ಬರೀ ಒಂದು ಬಿಳೀ ಗೆರೆ, ಈ ಕಡೆಯಿಂದ ಆ ಕಡೆಗೆ, ನಮ್ಮಮ್ಮ ಆ ಗೆರೇನೇ ನೋಡ್ಕೊಂಡು ಕುಂತಿರ್ತಾಳೆ, ನಾಳೆ ಭಾನುವಾರ, ಬೆಳಿಗ್ಗೆ ಪ್ರೋಗ್ರಾಮ್ ಟೈಮಿಗೆ ಬಂದ್ಬಿಡಿ, ನೀವು ಬಿಟ್ರೆ ಬೇರೆಯವರ ಕೈಲಿ ಮುಟ್ಟಿಸಲ್ಲ ನಾನು. ಬಿಳೀ ಗೆರೆ ಅನ್ನುತ್ತಲೇ ಗೌಸ್ ಪೀರ್‌ಗೆ ಗೊತ್ತಾಗಿತ್ತು, ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಹರಡುವ ಭಾಗ ಸತ್ತಿದೆ, ಇಡೀ ಚಿತ್ರ ಒಂದು ಗೆರೆಯಾಗಿ ಮಲಗಿದೆ, ಎಲ್ಲೋ ಒಂದು ಬೆಸುಗೆ ಬಿಟ್ಟಿರುತ್ತದೆ, ಅಷ್ಟೇ, ಅರ್ಧ ಗಂಟೆಯ ಕೆಲಸ, ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು, ಪಾ ಎಂಬ ಅಕ್ಷರ ತುಟಿಯವರೆಗೆ ಬಂದಿತ್ತು, ಆಗ ಮುನಿವೆಂಕಟಪ್ಪ ಪಕ್ಕದಲ್ಲಿದ್ದವರ ಕಡೆ ತಿರುಗಿ, ಇವರು ಕಣಪ್ಪ ನಾನು ಹೇಳ್ತಿರ್ತೀನಲ್ಲ, ಅಂದರು, ಬರ್ತೀನಿ ಅಂದುಬಿಟ್ಟ, ಹೊಗಳಿಕೆ ನಿಲ್ಲಲಿ ಎಂದು ಅಂದದ್ದು, ಧೈರ್ಯಕ್ಕಲ್ಲ. ಬಸ್ಸಿಳಿದ, ಕರೆಂಟು ಇರದಿದ್ದರೆ ಸಾಕು, ಭಾನುವಾರ ಬೆಳಿಗ್ಗೆ ಎಷ್ಟು ಸಲ ತೆಗೆಯುವುದಿಲ್ಲ, ಇವತ್ತೂ ತೆಗೆದಿರಲಿ, ಹಿಟ್ಟಿನ ಗಿರಣಿಯ ಸದ್ದು ಕೇಳಿಸಿತು, ಕರೆಂಟು ಇದೆ, ಹೋಟೆಲಿನಲ್ಲಿ ಹಾಡು ಬರುತ್ತಿದೆ, ಕರೆಂಟು ಇದೆ, ಇಡೀ ಕೈವಾರ ಗುಂಯ್‌ಗುಡುತ್ತಿದೆ.

ಮನೆ ತುಂಬ ಜನ, ಭಾನುವಾರದ ಪ್ರೋಗ್ರಾಮಿಗೆ ಬೀದಿಯ ಅರ್ಧ ಮಂದಿ ಇಲ್ಲೇ ಬರುವುದಂತೆ, ಮಕ್ಕಳು ಆಗಲೇ ನೆಲದ ಮೇಲೆ ಕೂತಿವೆ, ಬಾಗಿಲಲ್ಲಿ ಪಕ್ಕದ ಮನೆಯ ವೆಂಕಟರತ್ನಮ್ಮ, ಅವಳ ಹಿಂದೆ ಇನ್ನೂ ಮೂರು ತಲೆ, ಕೊಂಡಮ್ಮ ಟೀವಿಯ ಮುಂದೆ ಚಾಪೆಯ ಮೇಲೆ ಗೋಡೆಗೊರಗಿ ಕಾಲು ನೀಡಿದ್ದಾಳೆ, ಅವನನ್ನು ಕಂಡು ಬಾಯಿಯಗಲಿಸಿ ನಕ್ಕು, ರಾ ನಾಯನಾ, ರಾ, ಬಾಗುಂಡಾವಾ, ಚೆನ್ನಾಗಿದೀಯಾ ಅಂದಳು ತನ್ನ ತೆಲುಗಿನಲ್ಲಿ, ಹೊಸ ಟೀವಿ ಮೇಜಿನ ಮೇಲಿದೆ, ಹಳೆಯದು — ಹಳೆಯದು ಇನ್ನೂ ಇದೆ, ಮೂಲೆಯಲ್ಲಿ, ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಾರೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವು, ಮುನಿವೆಂಕಟಪ್ಪ ಅವನ ಕಣ್ಣು ಹೋದ ಕಡೆ ನೋಡಿ, ಆ ರಾಮಾಂಜಿನಪ್ಪ ಮೊನ್ನೆ ಸಿಕ್ಕಿದ್ದ ಸಾಬ್ರೇ, ಹಳೇದನ್ನ ತಂದ್ಕೊಡಿ ನೋಡ್ತೀನಿ ಅಂದ, ಗೌಸ್ ಸಾಬ್ರು ಹೋಗಿದೆ ಅಂದ್ಮೇಲೆ ಹೋಗಿದೆ, ನಿನಗೇನು ಗೊತ್ತು ಅಂತ ಕಳಿಸ್ಬಿಟ್ಟೆ. ಗೌಸ್ ಪೀರ್ ಹೊಸ ಟೀವಿಯ ಹಿಂದೆ ಮಂಡಿಯೂರಿದ, ತಿರುಪು ಬಿಚ್ಚಿದ, ಒಂದು, ಎರಡು, ಬೆವರು ಕನ್ನಡಕದ ಮೇಲೆ ಇಳಿಯಿತು, ಒರೆಸಿದ, ಮುಚ್ಚಳ ತೆಗೆದ, ಒಳಗೆ ಗಾಜಿನ ಕತ್ತು, ಅಷ್ಟೇ ಸಣ್ಣ, ಅಷ್ಟೇ ನುಣುಪು, ಬೆಸುಗೆ ಬಿಟ್ಟ ಜಾಗ ಇಲ್ಲಿಂದಲೇ ಕಾಣುತ್ತಿದೆ, ಬೂದು ಬಣ್ಣದ ಒಂದು ಉಂಗುರ, ಅಲ್ಲಿಗೆ ಹೋಗಬೇಕಾದರೆ ಕತ್ತಿನ ಪಕ್ಕದಿಂದಲೇ ಕೈ ಹಾಯಬೇಕು, ಕೈ ಹೋಗುತ್ತಿಲ್ಲ, ಹೋಗು ಅಂದರೂ ಹೋಗುತ್ತಿಲ್ಲ, ಬೆರಳು ನಡುಗುತ್ತಿದೆ, ನಡುಗುವ ಬೆರಳು ತಗುಲಿದರೆ ಇದೂ ಹೋಯಿತು, ಬಿಸಿಲು ಜಾಸ್ತಿ, ಕನ್ನಡಕ, ಓಲ್ಟೇಜು, ಬಾಗಿಲು ದಕ್ಷಿಣ, ಎಲ್ಲವೂ ಒಟ್ಟಿಗೆ ಬಾಯಿಗೆ ನುಗ್ಗಿ ಬರುತ್ತಿವೆ, ಎರಡು ವರ್ಷದಿಂದ ಹೇಳಿದ ಅಷ್ಟೂ ಮಾತು, ಒಂದು ಮಾತು ಹೇಳಬಾರದು ಎಂದು ಅದರ ಬದಲಿಗೆ ಹೇಳಿದ ಸಾವಿರ ಮಾತು, ಆ ಒಂದು ಮಾತು ಒಳಗಿರುವವರೆಗೆ ಈ ಕೈ ಹೋಗುವುದಿಲ್ಲ, ಇವತ್ತಲ್ಲ ಎಂದೂ ಹೋಗುವುದಿಲ್ಲ, ಚೆನ್ನರಾಯಪ್ಪ ಇನ್ನು ನೂರು ಮಂಗಳವಾರ ಕಲಿಸಿದರೂ ಹೋಗುವುದಿಲ್ಲ — ಅಣ್ಣ. ಏನ್ ಸಾಬ್ರೇ. ಆ ಹಳೇ ಟೀವಿ ಟ್ಯೂಬು ಹೋಗಿರ್ಲಿಲ್ಲ. ನಾನೇ ಒಡೆದಿದ್ದು.

ಮಗುವೊಂದು ಕೆಮ್ಮಿತು. ಮುನಿವೆಂಕಟಪ್ಪ ಅವನ ಮುಖವನ್ನೇ ನೋಡುತ್ತಿದ್ದರು, ತಪ್ಪಾಗಿ ಕೇಳಿಸಿತೇನೋ ಎಂಬಂತೆ, ಕೊಂಡಮ್ಮ ಮಗನ ಕಡೆ ಕತ್ತು ಚಾಚಿ, ಏಮಂಟಾಡ್ರಾ, ಏನಂತಾನೋ ಅವನು, ಮುನಿವೆಂಕಟಪ್ಪ ಮೂಲೆಯ ಟೀವಿಯ ಕಡೆ ತಿರುಗಿದರು, ಏಮಂಟಾವು, ಏನಂತೀಯೋ, ಮುದುಕಿ ಮತ್ತೆ ಕೇಳಿದಳು, ಈ ಸಲ ಅವನನ್ನೇ ಕೇಳಿದಳು, ಕಿವಿಗೆ ಕೈ ಅಡ್ಡ ಇಟ್ಟುಕೊಂಡು, ಹೇಳಬೇಕು, ಮತ್ತೆ ಹೇಳಬೇಕು, ಅವಳಿಗೆ ಕೇಳುವ ಹಾಗೆ ಅಂದರೆ ಬೀದಿಗೆ ಕೇಳುವ ಹಾಗೆ, ಗೌಸ್ ಪೀರ್ ಮಂಡಿಯೂರಿದ ಕಡೆಯಿಂದಲೇ ಗಂಟಲು ಬಿಚ್ಚಿ ಕೂಗಿದ, ಆ ಪಾತ ಟೀವೀ ನೇನೇ ಪಗಲಗೊಟ್ಟಿನಾನಮ್ಮಾ, ಅಬದ್ಧಮು ಚೆಪ್ಪಿನಾನು, ನಾನೇ ಒಡೆದಿದ್ದಮ್ಮ, ಸುಳ್ಳು ಹೇಳಿದ್ದೆ, ಬಾಗಿಲಲ್ಲಿದ್ದ ತಲೆಗಳು ಅಲುಗಿದವು, ಹೊರಗೆ ಯಾರೋ ಯಾರಿಗೋ ಅದನ್ನು ಆಗಲೇ ಹೇಳುತ್ತಿದ್ದರು, ಕೊಂಡಮ್ಮ ಓ ಅಂದಳು, ಮೂಲೆಯ ಟೀವಿಯನ್ನು ನೋಡಿದಳು, ಅವನನ್ನು ನೋಡಿದಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಯಾಕೆ ಹೇಳ್ಲಿಲ್ಲ ಆವತ್ತು? ಮುನಿವೆಂಕಟಪ್ಪನ ದನಿ ತಗ್ಗಿತ್ತು, ಸಾಬ್ರೇ ಅನ್ನುವುದು ಅದರಲ್ಲಿ ಇರಲಿಲ್ಲ. ಭಯ ಆಯ್ತಣ್ಣ. ನಾನು ಊರೂರಿಗೆ ಹೇಳ್ಕೊಂಡು ಬಂದೆ ನಿನ್ನ ಬಗ್ಗೆ. ಗೊತ್ತಣ್ಣ. ಈಗ ಅವರಿಗೆಲ್ಲ ಏನಂತ ಹೇಳ್ಲಿ ನಾನು? ಇದನ್ನೇ ಹೇಳಿ ಅಣ್ಣ, ಅವನೇ ಒಡೆದ ಅಂತ ಹೇಳಿ, ಆ ಹಳೇ ಟೀವಿಗೆ ಟ್ಯೂಬ್ ತಂದು ನಾನೇ ಹಾಕ್ಕೊಡ್ತೀನಿ, ಈ ತಿಂಗಳಲ್ಲೇ. ಹೇಳಿದರೆ ಅಂಗಡಿ ಹೋಯಿತು, ಮಂಡಿಯಲ್ಲಿ ನಾಳೆ ಹತ್ತು ಗಂಟೆಗೆ ಶುರುವಾಗುತ್ತದೆ, ಪೆರೇಸಂದ್ರಕ್ಕೆ ಬುಧವಾರ ಮುಟ್ಟುತ್ತದೆ, ಹದಿನೆಂಟು ವರ್ಷದ ಬೋರ್ಡು, ಹಮೀದಾ ಏನನ್ನುತ್ತಾಳೆ, ಅವಳಿಗೂ ಇವತ್ತೇ ಹೇಳಬೇಕು, ಬೇರೆಯವರು ಹೇಳುವ ಮುಂಚೆ — ಇದಾದ್ರೂ ಬರುತ್ತೋ ಇಲ್ವೋ? ಮುನಿವೆಂಕಟಪ್ಪ ಕೇಳುತ್ತಿದ್ದಾರೆ. ಬರುತ್ತೆ ಅನ್ನಿಸ್ತದೆ, ಖಾತ್ರಿ ಇಲ್ಲ, ನೋಡ್ಬೇಕು, ಎಂದ ಗೌಸ್ ಪೀರ್, ಖಾತ್ರಿ ಇಲ್ಲ ಎಂಬ ಮಾತು ತನ್ನ ಬಾಯಲ್ಲಿ ಇದೇ ಮೊದಲು ಎಂದು ಅನ್ನಿಸುವಷ್ಟರಲ್ಲಿ ಕೈ ಒಳಗೆ ಹೋಗಿತ್ತು.

ಹೋಗಿದೆ, ನಡುಗುತ್ತಲೇ ಹೋಗಿದೆ, ನಡುಕ ನಿಂತಿಲ್ಲ, ಆದರೆ ಮಣಿಕಟ್ಟನ್ನು ಮರದ ಅಂಚಿಗೆ ಒತ್ತಿ ಹಿಡಿದರೆ ಬೆರಳಿಗೆ ನಡುಕ ಇಳಿಯುವುದಿಲ್ಲ, ಇದನ್ನು ಯಾರೂ ಕಲಿಸಿರಲಿಲ್ಲ, ಬೆಸುಗೆಯ ಕಡ್ಡಿಯಿಂದ ಹೊಗೆಯ ಎಳೆಯೊಂದು ಮೇಲೆದ್ದಿತು, ರಾಳದ ವಾಸನೆ, ಬೂದು ಉಂಗುರ ಕರಗಿ ಬೆಳ್ಳಿಯ ಹನಿಯಾಯಿತು, ಗಾಜಿನ ಕತ್ತು ಒಂದು ಬೆರಳು ದೂರದಲ್ಲಿ ಸುಮ್ಮನಿದೆ. ಇನ್ನು ಹಿಂದೆ ಕೂತೇ ಮುಂದಿನ ಗೆರೆ ನೋಡಬೇಕು, ಕನ್ನಡಿ ಬೇಕು, ಎದುರಿಗೆ ಯಾರಾದರೂ ಹಿಡಿದು ನಿಲ್ಲಬೇಕು, ಯಾರಾದ್ರೂ ಸ್ವಲ್ಪ ಕನ್ನಡಿ ಹಿಡೀತೀರಾ, ಯಾರೂ ಏಳಲಿಲ್ಲ, ಏಳುತ್ತಿದ್ದ ಒಬ್ಬನನ್ನು ಅವನ ಹೆಂಡತಿ ತೋಳು ಹಿಡಿದು ಕೂರಿಸಿದಳು, ಆಗ ಮುನಿವೆಂಕಟಪ್ಪ ಗೋಡೆಯ ಮೊಳೆಯಿಂದ ಮರದ ಚೌಕಟ್ಟಿನ ಕನ್ನಡಿಯನ್ನು ತಾವೇ ಇಳಿಸಿದರು, ಟೀವಿಯ ಮುಂದೆ ಬಂದು ನಿಂತು ಎರಡೂ ಕೈಯಲ್ಲಿ ಮುಖದ ಮಟ್ಟಕ್ಕೆ ಹಿಡಿದರು, ಅವರ ಮುಖ ಕಾಣುವುದಿಲ್ಲ, ಕನ್ನಡಿಯ ಮೇಲೆ ಬಿಳಿ ಕೂದಲು, ಬದಿಗೆ ಬೆರಳುಗಳು, ಬಲಗೈಯ ಹೆಬ್ಬೆರಳು ಗಾಜಿನ ಅಂಚನ್ನು ಒತ್ತಿದೆ, ಉಗುರಿನ ಕೆಳಗೆ ರಕ್ತವೆಲ್ಲ ಸರಿದು ಬೆಳ್ಳಗಾಗಿದೆ. ಸ್ವಿಚ್ ಹಾಕಿದ. ಕನ್ನಡಿಯಲ್ಲಿ ಕತ್ತಲು, ಕತ್ತಲು, ಆಮೇಲೆ ಗೆರೆ, ಬಿಳೀ ಗೆರೆ, ಹಾಗೇ ಇದೆ, ಹೋಯಿತು, ಬೇರೆ ಏನೋ ಇದೆ, ತಪ್ಪು ಹಿಡಿದೆ, ಬೇರೆ ಪಾರ್ಟು — ಗೆರೆ ಮಧ್ಯದಲ್ಲಿ ಉಬ್ಬಿತು, ಕಣ್ಣು ರೆಪ್ಪೆ ತೆರೆದ ಹಾಗೆ ಮೇಲಕ್ಕೂ ಕೆಳಕ್ಕೂ ತೆರೆದುಕೊಂಡಿತು, ಒಂದು ಕುದುರೆ, ಹಿಂದೆ ಒಂದು ಮರ, ಎಡಬಲ ತಿರುಗಿದ ಅಕ್ಷರಗಳು, ಮಕ್ಕಳು ಹೋ ಎಂದು ಕೂಗಿದವು, ಕೊಂಡಮ್ಮ ಬೊಚ್ಚುಬಾಯಿ ತೆರೆದು ಚಪ್ಪಾಳೆ ತಟ್ಟಿದಳು, ವಚ್ಚಿಂದಿ ವಚ್ಚಿಂದಿ, ಬಂತು ಬಂತು, ಬಾಗಿಲಿನಿಂದ ವೆಂಕಟರತ್ನಮ್ಮ ಮುಂದೆ ಬಂದು, ಮುನಿವೆಂಕಟಪ್ಪನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, ನಮ್ಮನೇದೂ ಒಂದು ಸೆಟ್ಟು ಮೂರು ತಿಂಗಳಿಂದ ಬಿದ್ದಿದೆ, ನೋಡ್ತೀರಾ ಅಂದಳು, ಪಾ ಎಂದಿತು ಅವನ ಬಾಯಿ, ಹಳೆಯ ರೂಢಿ, ತುಟಿ ಮುಚ್ಚಿದ, ಮತ್ತೆ ತೆರೆದ, ತನ್ನಿ ಅಮ್ಮ, ಈಗಲೇ ತನ್ನಿ, ಒಡೆದುಹೋದ್ರೆ ನಾನೇ ಹೇಳ್ತೀನಿ ನಿಮಗೆ, ಅವಳು ಹೆದರಿ ನಕ್ಕು ಹೊರಗೆ ಹೋದಳು, ಚಿತ್ರ ನಿಂತಿದೆ, ಅಲುಗುತ್ತಿಲ್ಲ, ಇನ್ನು ಕನ್ನಡಿ ಬೇಕಿಲ್ಲ, ಸಾಕು ಅಣ್ಣ ಇಳಿಸಿ ಅನ್ನಬೇಕು, ಅಂದ ಕೂಡಲೇ ಕನ್ನಡಿ ಇಳಿಯುತ್ತದೆ, ಕನ್ನಡಿ ಇಳಿದರೆ ಅದರ ಹಿಂದಿನ ಮುಖ ಕಾಣುತ್ತದೆ, ಆ ಮುಖದ ಮೇಲೆ ಏನಿದೆಯೋ, ಸಿಟ್ಟೋ, ಅಸಹ್ಯವೋ, ಹೋಗಲಿ ಬಿಡು ಎಂಬುದೋ, ಕೇಳಬೇಕು, ನೋಡಬೇಕು, ಇದೊಂದನ್ನೂ ಎದುರಿಸಬೇಕು, ಸಾಕು ಅಣ್ಣ, ಇಳಿಸಿ, ಅಂದ — ಕುದುರೆ ಓಡುತ್ತಿದೆ, ಮಕ್ಕಳು ನಗುತ್ತಿವೆ, ಮುನಿವೆಂಕಟಪ್ಪ ಕನ್ನಡಿ ಇಳಿಸುತ್ತಿಲ್ಲ, ಆ ಹೆಬ್ಬೆರಳು, ಗಾಜಿನ ಅಂಚಿಗೆ ಒತ್ತಿ ಹಿಡಿದ ಹೆಬ್ಬೆರಳು, ಉಗುರಿನ ಕೆಳಗೆ ಬೆಳ್ಳಗೆ, ಇನ್ನೂ ಬೆಳ್ಳಗೆ.